ಹೆಸರು ಹಾಕದೆ ಬಾಸ್ ಪಾಠ ಬರೆದುಕೊಟ್ಟವರಿಗೆ

ಬಾಸ್ ಗಿಟಾರಿನಲ್ಲಿ ಡಿಸ್ಕೊ ಬಾಸ್ ಲೈನ್ (ಹಾಡಿನ ತಗ್ಗಿನ ಸ್ವರಗಳ ಸಾಲು) ಕಲಿಯುವವರಿಗಾಗಿ ಒಂದು ಹಾಳೆ ತುಂಬ ಟಿಪ್ಪಣಿ ಬರೆದಿಟ್ಟು, ಹೆಸರನ್ನೂ ಹಾಕದೆ ಹೋದವರೇ, ನಿಮಗೆ ನಮ್ಮೆಲ್ಲರ ಧನ್ಯವಾದ. ಯಾವ ಸ್ವರ ಎಂದು ಹೇಳುವವರು ಬೇಕಾದಷ್ಟಿದ್ದಾರೆ. ಸ್ವರ ಎಲ್ಲಿ ನಿಲ್ಲಬೇಕು ಎಂದು ಬರೆದವರು ನೀವು.

ಆಕ್ಟೇವ್, ಅಂದರೆ ಅದೇ ಸ್ವರ ಒಂದು ಸ್ಥಾಯಿ ಮೇಲೆ, ಇದರ ಲೆಕ್ಕ ಸುಲಭ: ಇ ತಂತಿಯ 3ನೇ ಫ್ರೆಟ್‌ನಲ್ಲಿ (ಗಿಟಾರ್ ಕತ್ತಿನ ಅಡ್ಡಪಟ್ಟಿ) ತೋರುಬೆರಳು, ಡಿ ತಂತಿಯ 5ನೇ ಫ್ರೆಟ್‌ನಲ್ಲಿ ಕಿರುಬೆರಳು. ತಗ್ಗಿನ ಸ್ವರ ಕಾಲಿನಿಂದ ಬಡಿಯುವ ಕಿಕ್ ಡ್ರಮ್ ಜೊತೆ ಬಡಿತದ ಮೇಲೆ, ಏರಿನದು ಎರಡು ಬಡಿತಗಳ ನಡುವೆ, ಗಿಡ್ಡವಾಗಿ. ಕೆಡುವುದು ಇಲ್ಲೇ. ಏರಿನ ಸ್ವರ ಎಳೆದಾಡಿದರೆ ಕುಣಿತ ಸತ್ತಂತೆ. ನಿಮ್ಮ ಮದ್ದು: ಬೆರಳು ಎತ್ತಬೇಡಿ, ಒತ್ತಡ ಮಾತ್ರ ಬಿಡಿ. ಆದರೆ 5ನೇ ಫ್ರೆಟ್ಟಿನ ಮೇಲೆ ಒಂದೇ ಬೆರಳು ಹಗುರಾಗಿ ಕೂತರೆ ಹಾರ್ಮೋನಿಕ್ ಎಂಬ ತೆಳು ಏರುಸ್ವರ ಕೀರಲುತ್ತದೆ. ಪಕ್ಕದ ಬೆರಳನ್ನೂ ತಾಗಿಸಬೇಕು. ನಡುವಿನ ಎ ತಂತಿಯ ಬಾಯಿ ಮುಚ್ಚಿಸಲು ತೋರುಬೆರಳಿನ ತುದಿ ಸಾಕು.

ಷಿಕ್ ಎಂಬ ಡಿಸ್ಕೊ ತಂಡದ 1979ರ ‘ಗುಡ್ ಟೈಮ್ಸ್’ ಲೈನ್ ಶುರುವಾಗುವುದು ಬಡಿತಕ್ಕೊಂದರಂತೆ ಮೂರು ಇ ಸ್ವರಗಳಿಂದ, ಆಮೇಲೆ ಒಂದು ತೆರಪು. ಆ ತಂಡದ ಬಾಸ್ ವಾದಕ ಬರ್ನಾರ್ಡ್ ಎಡ್ವರ್ಡ್ಸ್ ಕೈಚಳಕ ಅರ್ಧ ಆ ತೆರಪಿನಲ್ಲೇ ಇದೆ! ಅಲ್ಲಿ ಬರಿದಾದ ಇ ತಂತಿ ಗುಂಯ್‌ಗುಡದಂತೆ ಎಡಗೈಯ ಎರಡು ಮೂರು ಬೆರಳು ಚಪ್ಪಟೆಯಾಗಿ ಮಲಗಿಸಬೇಕು.

ಬಡಿತ ಎಣಿಸುವ ಮೆಟ್ರೊನೋಮ್ ನಿಮಿಷಕ್ಕೆ 70 ಬಡಿತಕ್ಕೆ ಇಟ್ಟು, ತಪ್ಪಿಲ್ಲದೆ ಎಂಟು ಸುತ್ತು ಬಂದ ಮೇಲಷ್ಟೇ 4 ಏರಿಸಿ ಎಂದಿದ್ದಿರಿ. 110 ಮುಟ್ಟುವವರೆಗೂ ನಾವು ಅದನ್ನೇ ಪಾಲಿಸುತ್ತಿದ್ದೇವೆ.