ಕೇಸ್ ಫೈಲು ಒತ್ತೆ ಇಡುವ ವಸ್ತುವೇ?

ಮಾನ್ಯ ಸಂಪಾದಕರೇ,

ನನ್ನ ಆಸ್ತಿ ಕೇಸಿಗೆ ವಕೀಲರನ್ನು ಬದಲಾಯಿಸಲು ಹೊರಟೆ. ಹಳೆಯ ವಕೀಲರು ಫೈಲು ಕೊಡಲಿಲ್ಲ. ‘ಬಾಕಿ ಫೀಸು ಕೊಡಿ, ಆಮೇಲೆ ತಗೊಂಡು ಹೋಗಿ’ ಅಂದರು. ಬಾಕಿ ಎಷ್ಟು ಅಂತ ಕೇಳಿದರೆ ಒಂದೊಂದು ಸಲ ಒಂದೊಂದು ಲೆಕ್ಕ, ರಸೀದಿಯಂತೂ ಮೊದಲಿನಿಂದಲೂ ಇರಲಿಲ್ಲ. ಕ್ರಯಪತ್ರ ಅವರ ಬೀರುವಿನಲ್ಲಿ, ನಾನು ಅವರ ಆಫೀಸಿನ ಬೆಂಚಿನ ಮೇಲೆ.

ಆಮೇಲೆ ಗೊತ್ತಾಯಿತು, ಹೀಗೆ ಫೈಲು ಹಿಡಿದಿಟ್ಟುಕೊಳ್ಳುವ ಹಕ್ಕು ವಕೀಲರಿಗೆ ಇಲ್ಲವೇ ಇಲ್ಲ. ಹೀಗೇ ಫೈಲು ಕೊಡದ ಆರ್.ಡಿ. ಸಕ್ಸೇನಾ ಎಂಬ ವಕೀಲರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು 2000ದಲ್ಲೇ ಹೇಳಿದೆ. ಫೀಸು ಬಾಕಿ ಇದ್ದರೆ ವಸೂಲಿಗೆ ಬೇರೆ ದಾರಿ ಇದೆ, ಕಕ್ಷಿದಾರರು ಕೇಳಿದ ಮೇಲೂ ಫೈಲು ಕೊಡದಿದ್ದರೆ ಅದು ವೃತ್ತಿ ದುರ್ನಡತೆ. ಭಾರತೀಯ ವಕೀಲರ ಪರಿಷತ್ತು (ಬಾರ್ ಕೌನ್ಸಿಲ್) ಆ ವಕೀಲರನ್ನು 18 ತಿಂಗಳು ವಕೀಲಿಕೆಯಿಂದ ದೂರ ಇಟ್ಟಿತ್ತು. ಕೋರ್ಟ್ ಅದನ್ನು ಬರೀ ಛೀಮಾರಿಗೆ ಇಳಿಸಿತು. ಕೆಲವು ಹೈಕೋರ್ಟ್ ತೀರ್ಪು ನೋಡಿ ಅವರು ತಮಗೆ ಹಕ್ಕಿದೆ ಎಂದು ನಂಬಿದ್ದಿರಬಹುದು ಅಂತ. ಸರಿ, ಅವತ್ತಿಗೆ ಅದು ನ್ಯಾಯವೇ. ಇವತ್ತು ಅದೇ ನೆಪ ನಡೆಯಬಾರದು, ಅಲ್ವಾ?

ದೂರು ಕೊಡೋಣ ಅಂದರೆ ಎಲ್ಲಿ? ವಕೀಲರ ಸೇವೆ ಗ್ರಾಹಕರ ಕೋರ್ಟಿನ ವ್ಯಾಪ್ತಿಗೆ ಬರುವುದಿಲ್ಲ ಎಂದು 2024ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಹೇಳಿಬಿಟ್ಟಿದೆ. ಅದಕ್ಕೆ ನನ್ನ ತಕರಾರಿಲ್ಲ, ವಕೀಲಿಕೆ ಫ್ರಿಜ್ ಮಾರಿದ ಹಾಗಲ್ಲ. ಆದರೆ ಹಾಗಾದರೆ ಉಳಿಯುವುದು 1961ರ ವಕೀಲರ ಕಾಯ್ದೆಯ 35ನೇ ಸೆಕ್ಷನ್, ಅಂದರೆ ರಾಜ್ಯ ವಕೀಲರ ಪರಿಷತ್ತಿನ ಶಿಸ್ತು ಸಮಿತಿ. ಅದರಲ್ಲಿ ಮೂವರು. ಇಬ್ಬರು ಪರಿಷತ್ತಿನ ಸದಸ್ಯರು. ಮೂರನೆಯವರು ಹೊರಗಿನವರು, ಆದರೆ ಅವರೂ ಹತ್ತು ವರ್ಷದ ಅನುಭವ ಇರುವ ವಕೀಲರೇ! ಅವರೆಲ್ಲ ಪಕ್ಷಪಾತ ಮಾಡುತ್ತಾರೆ ಅಂತ ನಾನು ಹೇಳುತ್ತಿಲ್ಲ, ದೂರು ಹಿಡಿದು ಬಂದವನ ಕಣ್ಣಿಗೆ ಅದು ಹೇಗೆ ಕಾಣುತ್ತದೆ ಅಂತ ಯೋಚಿಸಿ. ಆ ದೂರನ್ನು ಸರಿಯಾಗಿ ಬರೆಯೋಕೂ ಇನ್ನೊಬ್ಬ ವಕೀಲರೇ ಬೇಕು, ಅದು ಬೇರೆ ಮಾತು.

ಒಂದು ವರ್ಷದಲ್ಲಿ ಇತ್ಯರ್ಥ ಆಗದಿದ್ದರೆ 36ಬಿ ಸೆಕ್ಷನ್ ಪ್ರಕಾರ ದೂರು ಭಾರತೀಯ ವಕೀಲರ ಪರಿಷತ್ತಿಗೆ ಹೋಗುತ್ತದೆ. ತಡ ಮಾಡಿದವರು ಒಬ್ಬರು, ಮತ್ತೆ ಮೊದಲಿನಿಂದ ಅಲೆಯಬೇಕಾದವರು ಇನ್ನೊಬ್ಬರು. ಈ ಗಡುವು ಪಾಲಿಸಿ ಅಂತ 2021ರಲ್ಲಿ ಸುಪ್ರೀಂ ಕೋರ್ಟೇ ಹೇಳಬೇಕಾಯಿತು.

ನನಗೆ ಇದೆಲ್ಲಕ್ಕಿಂತ ಜಾಸ್ತಿ ಕಾಡಿದ್ದು ಬೇರೆ. 35ನೇ ಸೆಕ್ಷನ್‌ನಲ್ಲಿ ಸಮಿತಿ ಮಾಡಬಹುದಾದ್ದು ನಾಲ್ಕು: ದೂರು ವಜಾ, ಛೀಮಾರಿ, ಸನ್ನದು (ವಕೀಲಿಕೆಯ ಪರವಾನಗಿ) ಅಮಾನತು, ವಕೀಲರ ಪಟ್ಟಿಯಿಂದ ಹೆಸರು ತೆಗೆಯುವುದು. ‘ಫೈಲು ವಾಪಸ್ ಕೊಡಿಸಿ’ ಎಂಬ ಮಾತು ಅಲ್ಲಿಲ್ಲ. ನನಗೆ ಬೇಕಿದ್ದದ್ದು ಅದೊಂದೇ. ಯಾರ ಸನ್ನದನ್ನು ಕಿತ್ತು ನನಗೇನಾಗಬೇಕು? ಕೇಸಿನ ಮುಂದಿನ ವಾಯಿದೆ ಹತ್ತಿರ ಬರುತ್ತಿತ್ತು. ದೂರು ಬಂದ ಹದಿನೈದು ದಿನದೊಳಗೆ ಮೊದಲು ಕಾಗದಪತ್ರ ಕೊಡಿಸಿ, ವಿಚಾರಣೆ ಆಮೇಲೆ ನಿಧಾನಕ್ಕೆ ನಡೆಸಿ ಎಂದು ಕಾಯ್ದೆಗೆ ಒಂದು ಸಾಲು ಸೇರಿಸಬೇಕು. ಸಮಿತಿಯಲ್ಲಿ ವಕೀಲರಲ್ಲದ ಒಬ್ಬರಾದರೂ ಇರಬೇಕು.

ನಾನು ಕೊನೆಗೆ ದೂರು ಕೊಡಲಿಲ್ಲ. ಅವರು ಕೇಳಿದಷ್ಟು ಕೊಟ್ಟು ಫೈಲು ತಂದೆ. ರಸೀದಿ ಆಗಲೂ ಸಿಗಲಿಲ್ಲ.

ಇಂತಿ,
ಒಬ್ಬ ಕಕ್ಷಿದಾರ