ಮೇಲಿನ ಕೈಗೆ ಕೆಲಸ ಕೊಡು

ಗೆಳೆಯಾ,

ನಿನ್ನ ಪತ್ರ ಬಂತು. ಐಸ್ ಹಾಕಿಗೆ ಬೇಕಾದ ಸ್ಕೇಟಿಂಗ್ ಒಂದು ಮಟ್ಟಕ್ಕೆ ಬಂದಿದೆ, ಆದರೆ ಪಕ್, ಅಂದರೆ ಚೆಂಡಿನ ಬದಲು ಆಡುವ ಆ ರಬ್ಬರ್ ಬಿಲ್ಲೆ, ಮಾತ್ರ ಕೈಗೆ ಸಿಗುತ್ತಿಲ್ಲ ಅಂತ ಬರೆದಿದ್ದೀಯ. ತಲೆ ಎತ್ತಿದ ತಕ್ಷಣ ಕಳೆದುಹೋಗುತ್ತದೆ ಅಂದೆಯಲ್ಲ, ಅದನ್ನು ಓದಿ ನನ್ನ ಮೊದಲ ವರ್ಷ ನೆನಪಾಯಿತು.

ಒಂದು ವಿಷಯ ನೋಡಿಕೊ. ಯಾವ ಕೈಯಿಂದ ಪಕ್ ಆಡಿಸುತ್ತಿದ್ದೀಯ? ಸ್ಟಿಕ್ಕಿನ ಮೇಲ್ತುದಿ ಹಿಡಿಯುವ ಮೇಲಿನ ಕೈಯಿಂದಲೋ, ಅದಕ್ಕಿಂತ ಕೆಳಗೆ ಹಿಡಿಯುವ ಕೆಳಗಿನ ಕೈಯಿಂದಲೋ? ನಾನು ಕೆಳಗಿನ ಕೈಯಲ್ಲಿ ಸ್ಟಿಕ್ಕನ್ನು ಸಲಿಕೆ ಹಿಡಿದ ಹಾಗೆ ಬಿಗಿಯಾಗಿ ಹಿಡಿಯುತ್ತಿದ್ದೆ. ಭುಜ ನೋಯುತ್ತಿತ್ತು, ಪಕ್ ಚಿಮ್ಮಿ ಹೋಗುತ್ತಿತ್ತು. ಒಂದು ದಿನ ಜೊತೆಗೆ ಆಡುತ್ತಿದ್ದ ಹಿರಿಯರೊಬ್ಬರು ಹತ್ತಿರ ಬಂದು, 'ಕೆಳಗಿನ ಕೈ ತೆಗೆದುಬಿಡು' ಅಂದರು. ಬರೀ ಮೇಲಿನ ಕೈಯಲ್ಲಿ ಪಕ್ಕನ್ನು ಆಚೆ ಈಚೆ ಆಡಿಸಲು ಹೇಳಿದರು. ಐದು ನಿಮಿಷಕ್ಕೆ ಮುಂಗೈ ಉರಿಯತೊಡಗಿತು. ಅಷ್ಟು ದಿನ ಆ ಕೈಗೆ ನಾನು ಕೆಲಸವನ್ನೇ ಕೊಟ್ಟಿರಲಿಲ್ಲ ಅಂತ ಆಗ ಗೊತ್ತಾಯಿತು.

ಬ್ಲೇಡನ್ನು, ಅಂದರೆ ಪಕ್ಕಿಗೆ ತಾಗುವ ಸ್ಟಿಕ್ಕಿನ ಕೆಳತುದಿಯ ಚಪ್ಪಟೆ ಭಾಗವನ್ನು, ತಿರುಗಿಸುವುದು ಮೇಲಿನ ಕೈಯ ಮಣಿಕಟ್ಟು, ಡಬ್ಬದ ಮುಚ್ಚಳ ತಿರುಗಿಸಿದ ಹಾಗೆ. ಹಾಗೆ ತಿರುಗಿದಾಗ ಬ್ಲೇಡ್ ಪಕ್ಕಿನ ಮೇಲೆ ಸ್ವಲ್ಪ ಬಾಗಿ ಅದನ್ನು ಮುಚ್ಚಿಕೊಳ್ಳುತ್ತದೆ. ಫೋರ್‌ಹ್ಯಾಂಡಿನಲ್ಲೂ ಅಷ್ಟೇ, ಬ್ಯಾಕ್‌ಹ್ಯಾಂಡಿನಲ್ಲೂ ಅಷ್ಟೇ. ಕೆಳಗಿನ ಕೈ ಸಡಿಲವಾದ ಬಳೆಯ ಹಾಗೆ ಸ್ಟಿಕ್ಕಿನ ಸುತ್ತ ಇದ್ದರೆ ಸಾಕು. ಇದನ್ನು ರೂಢಿ ಮಾಡಿಕೊಳ್ಳಲು ಒಂದು ರಟ್ಟಿನ ಕೊಳವೆಯನ್ನು ಸ್ಟಿಕ್ಕಿಗೆ ತೂರಿಸು, ಕೆಳಗಿನ ಕೈಯಲ್ಲಿ ಆ ಕೊಳವೆಯನ್ನು ಮಾತ್ರ ಹಿಡಿ. ಒಳಗೆ ಸ್ಟಿಕ್ ತನ್ನ ಪಾಡಿಗೆ ತಿರುಗುವುದು ಕೈಗೇ ತಿಳಿಯುತ್ತದೆ.

ಮೇಲಿನ ಕೈಯ ಮೊಣಕೈ ಪಕ್ಕೆಗೆ ಅಂಟಿಕೊಂಡಿರಬಾರದು, ಮೈಯಿಂದ ಮುಂದಕ್ಕೆ ಬರಬೇಕು. ಇಲ್ಲದಿದ್ದರೆ ಪಕ್ಕನ್ನು ಒಂದು ಬದಿಯಿಂದ ಇನ್ನೊಂದು ಬದಿಗೆ ತರಲು ಜಾಗವೇ ಇರುವುದಿಲ್ಲ. ಎಷ್ಟೋ ಸಲ ತಪ್ಪು ಕೈಯದ್ದಲ್ಲ, ಸ್ಟಿಕ್ ಉದ್ದ ಜಾಸ್ತಿ ಆಗಿರುತ್ತದೆ. ಬರಿಗಾಲಲ್ಲಿ ನಿಂತಾಗ ಮೂಗಿನವರೆಗೆ, ಸ್ಕೇಟ್ ಹಾಕಿದಾಗ ಗದ್ದದವರೆಗೆ ಬಂದರೆ ಸಾಮಾನ್ಯವಾಗಿ ಸರಿ. ಮಂಡಿ ಬಗ್ಗಿಸುವುದನ್ನು ನಿನಗೆ ಹೇಳಬೇಕಾಗಿಲ್ಲ, ಸ್ಕೇಟಿಂಗಿನಲ್ಲೇ ಕಲಿತಿದ್ದೀಯ.

ಪಕ್ ಚಿಮ್ಮುತ್ತದೆ ಅಂತ ಬೇಜಾರಾಗಬೇಡ. ಅದು ಗಟ್ಟಿ ರಬ್ಬರ್, ಅಗಲ 3 ಇಂಚು, ದಪ್ಪ 1 ಇಂಚು, ತೂಕ 156ರಿಂದ 170 ಗ್ರಾಂ. ರಬ್ಬರ್ ಬೆಚ್ಚಗಾದರೆ ಜಾಸ್ತಿ ಪುಟಿಯುತ್ತದೆ. ಉತ್ತರ ಅಮೆರಿಕದ ದೊಡ್ಡ ಐಸ್ ಹಾಕಿ ಲೀಗ್ ಎನ್‌ಎಚ್‌ಎಲ್‌ನ ಪಂದ್ಯಗಳಲ್ಲಿ ಪಕ್ಕನ್ನು ಫ್ರೀಜರಿನಲ್ಲಿಟ್ಟು ತಣ್ಣಗೆ ಮಾಡಿಯೇ ಆಡಲು ತರುವುದು ಇದಕ್ಕೇ. ಐಸ್ ಸಿಗದ ದಿನ ನಯವಾದ ಹಲಗೆಯ ಮೇಲೆ ಗಾಲ್ಫ್ ಚೆಂಡಿನಲ್ಲಿ ಅಭ್ಯಾಸ ಮಾಡು. ಅದು ಹಗುರ, ಸ್ವಲ್ಪ ಒರಟಾಗಿ ಮುಟ್ಟಿದರೂ ಓಡಿಹೋಗುತ್ತದೆ. ಅದನ್ನು ಪಳಗಿಸಿದ ಮೇಲೆ ಪಕ್ ಎಷ್ಟು ನಿಧಾನ ಅನ್ನಿಸುತ್ತದೆ ಗೊತ್ತಾ!

ಇನ್ನು ತಲೆ ಎತ್ತುವ ವಿಷಯ. ನನಗೆ ಇದೇ ಎಲ್ಲಕ್ಕಿಂತ ಮುಖ್ಯ. ಕೆಳಗೆ ನೋಡುತ್ತಾ ಸ್ಕೇಟ್ ಮಾಡುವವನಿಗೆ ಎದುರಿನಿಂದ ಬರುವವನು ಕಾಣುವುದಿಲ್ಲ, ಅದರಲ್ಲಿ ಪೆಟ್ಟಾಗುತ್ತದೆ. ಒಮ್ಮೆಲೇ ಪಕ್ಕಿನಿಂದ ಕಣ್ಣು ಕಿತ್ತುಕೊಳ್ಳಬೇಡ. ಮೊದಲು ಒಂದೇ ಕ್ಷಣ ಎದುರು ನೋಡು, ಮತ್ತೆ ಕೆಳಗೆ ನೋಡು. ಆಮೇಲೆ ಎರಡು ಕ್ಷಣ. ಬ್ಲೇಡಿಗೆ ಪಕ್ ತಾಗುವ ಟಕ್ ಟಕ್ ಸದ್ದನ್ನು ಕೇಳಿಸಿಕೊ. ಕೈ ಸಡಿಲವಾಗಿದ್ದರೆ ಆ ತಾಗುವಿಕೆ ಅಂಗೈವರೆಗೆ ಬರುತ್ತದೆ. ಬಿಗಿ ಹಿಡಿದರೆ ಏನೂ ಗೊತ್ತಾಗುವುದಿಲ್ಲ. ನಾನು ಮೇಲಿನ ಕೈಯ ಬಗ್ಗೆ ಇಷ್ಟೊಂದು ಹೇಳಿದ್ದು ಅದಕ್ಕೇ ಕಣೋ.

ಪಾಸ್ ತೆಗೆದುಕೊಳ್ಳುವಾಗಲೂ ಹಾಗೇ. ಪಕ್ ಬಂದು ತಾಗುವಾಗ ಬ್ಲೇಡನ್ನು ಸ್ವಲ್ಪ ಹಿಂದಕ್ಕೆ ಬಿಟ್ಟುಕೊಡು, ಅಲ್ಲೇ ನಿಲ್ಲುತ್ತದೆ.

ಎದುರು ಯಾರೂ ಇಲ್ಲದಾಗ ಸುಮ್ನೆ ಟಕ್ ಟಕ್ ಮಾಡುತ್ತಾ ಹೋಗಬೇಡ, ವೇಗ ಕಡಿಮೆಯಾಗುತ್ತದೆ. ಮೇಲಿನ ಕೈ ಒಂದರಿಂದಲೇ ಪಕ್ಕನ್ನು ಮುಂದಕ್ಕೆ ತಳ್ಳಿಕೊಂಡು ಓಡು. ಬ್ಲೇಡಿನ ತುದಿಯಿಂದ ಪಕ್ಕನ್ನು ಎಳೆದುಕೊಳ್ಳುವ ಟೋ ಡ್ರ್ಯಾಗ್ ನೋಡಲು ಚೆಂದ, ನಿಜ. ಆದರೆ ಈಗಲೇ ಬೇಡ.

ಬಿಡುವಾದಾಗ ಎನ್‌ಎಚ್‌ಎಲ್‌ನ ಡೆಟ್ರಾಯಿಟ್ ತಂಡದಲ್ಲಿದ್ದ ಪಾವೆಲ್ ಡಾಟ್ಸುಕ್ ಆಟದ ವಿಡಿಯೊ ಹಾಕಿಕೊಂಡು ಕೂರು. ಪಕ್ ನೋಡಬೇಡ, ಆತನ ಮೇಲಿನ ಕೈಯನ್ನೇ ನೋಡು.

ದಿನಕ್ಕೆ ಹತ್ತು ನಿಮಿಷದಂತೆ ಎರಡು ವಾರ ಮಾಡಿ, ಯಾವ ಕೈ ನೋಯುತ್ತಿದೆ ಅಂತ ನನಗೆ ಬರಿ. ಮೇಲಿನದಾದರೆ ಮುಂದಿನ ಪತ್ರದಲ್ಲಿ ಟೋ ಡ್ರ್ಯಾಗ್ ಹೇಳಿಕೊಡುತ್ತೇನೆ.

ನಿನ್ನ ಗೆಳೆಯ