ಅಂಗೈಯೊಳಗಿನ ಹಕ್ಕಿಗೆ ಆರು ಗಂಟೆ

ಮಾನ್ಯ ಸಂಪಾದಕರೆ,

ಕಳೆದ ಭಾನುವಾರದ ತಮ್ಮ ಪುರವಣಿಯಲ್ಲಿ ಗೃಹಿಣಿಯರ ಸ್ವಉದ್ಯೋಗ ಕುರಿತು ಬಂದ ಬರಹದಲ್ಲಿ, ಮನೆಯಲ್ಲಿ ಉಳಿದ ಬಟ್ಟೆಚೂರುಗಳಿಂದ ಪುಟ್ಟ ಹಕ್ಕಿಗಳನ್ನೂ ಮದುವೆಯ ಕೇಕಿನ ಮೇಲೆ ನಿಲ್ಲಿಸುವ ಜೋಡಿಗೊಂಬೆಗಳನ್ನೂ ಮಾಡಿ ಮಾರುವುದನ್ನು ‘ಬಂಡವಾಳ ಬೇಡದ, ಬಿಡುವಿನ ವೇಳೆಯ ಸುಲಭ ಸಂಪಾದನೆ’ ಎಂದು ಬಣ್ಣಿಸಲಾಗಿದೆ. ಒಂಬತ್ತು ವರ್ಷಗಳಿಂದ ಇದೇ ಕೆಲಸದಲ್ಲಿರುವ ನನಗೆ ಅದನ್ನು ಓದಿ ಸಂತೋಷವೂ ಕಸಿವಿಸಿಯೂ ಒಟ್ಟಿಗೇ ಆದವು. ಈ ಕಸುಬಿನ ಬಗ್ಗೆ ಕನ್ನಡದಲ್ಲಿ ಯಾರಾದರೂ ಬರೆಯುವುದೇ ಅಪರೂಪ, ಹಾಗಾಗಿ ಸಂತೋಷ. ಆದರೆ ಆ ಬರಹದಲ್ಲಿ ಬಟ್ಟೆಯ ಬೆಲೆ ಇದೆ, ದಾರದ ಬೆಲೆ ಇದೆ, ಮಾರುವ ಬೆಲೆಯೂ ಇದೆ. ಒಂದು ಹಕ್ಕಿಗೆ ಎಷ್ಟು ಹೊತ್ತು ಹಿಡಿಯುತ್ತದೆ ಎಂಬುದು ಮಾತ್ರ ಎಲ್ಲಿಯೂ ಇಲ್ಲ. ಅದೊಂದನ್ನು ಬಿಟ್ಟು ಲೆಕ್ಕ ಹಾಕಿದರೆ ಯಾವ ಕೈಕೆಲಸವೂ ಸುಲಭ ಸಂಪಾದನೆಯಂತೆಯೇ ಕಾಣುತ್ತದೆ.

ನಮ್ಮ ರಾಜ್ಯಪಕ್ಷಿ ನೀಲಕಂಠವನ್ನು ಎರಡು ಇಂಚಿನ ಅಳತೆಯಲ್ಲಿ ಮಾಡುವುದನ್ನೇ ತೆಗೆದುಕೊಳ್ಳೋಣ. ಮೈಗೆ ಎರಡು ತುಂಡು, ಹೊಟ್ಟೆಯಡಿಗೆ ಒಂದು ಪಟ್ಟಿ, ಒಂದೊಂದು ರೆಕ್ಕೆಗೆ ಎರಡು ಪದರದಂತೆ ನಾಲ್ಕು, ಬಾಲಕ್ಕೆ ಎರಡು, ಹೀಗೆ ಒಂಬತ್ತು ತುಂಡುಗಳು ಬೇಕು. ಖಣದ ಬಟ್ಟೆಯಾಗಲಿ ಕೈಮಗ್ಗದ ಸೀರೆಯ ಚೂರಾಗಲಿ, ಇಷ್ಟು ಸಣ್ಣದಾಗಿ ಕತ್ತರಿಸಿದ ಕೂಡಲೇ ಅಂಚಿನಿಂದ ಎಳೆ ಬಿಚ್ಚಿಕೊಳ್ಳತೊಡಗುತ್ತದೆ. ಆದ್ದರಿಂದ ಕತ್ತರಿಸುವ ಮೊದಲೇ ಹಿಂಬದಿಗೆ ತೆಳುವಾದ ಕ್ಯಾನ್ವಾಸ್ ಇಟ್ಟು ಇಸ್ತ್ರಿ ಮಾಡಿ ಅಂಟಿಸಿಕೊಳ್ಳಬೇಕು. ಇದಕ್ಕೆಲ್ಲ ಮುಕ್ಕಾಲು ಗಂಟೆ. ಹೊಲಿಗೆಗೆ ಎರಡು ಗಂಟೆ, ಅದೂ ಕೈಯಲ್ಲಿ; ಎರಡು ಇಂಚಿನ ಹಕ್ಕಿಯ ಕುತ್ತಿಗೆಯ ತಿರುವಿನಲ್ಲಿ ಹೊಲಿಗೆ ಯಂತ್ರದ ಪಾದ ತಿರುಗುವುದೇ ಇಲ್ಲ. (ಬರಹವನ್ನು ನಂಬಿ ಸಾಲ ಮಾಡಿ ಯಂತ್ರ ಕೊಳ್ಳಹೊರಟವರು ಯಾರಾದರೂ ಇದ್ದರೆ ದಯವಿಟ್ಟು ಸ್ವಲ್ಪ ತಡೆಯಿರಿ.) ಹೊಲಿದದ್ದನ್ನು ಮಗುಚಿ ಹತ್ತಿ ತುಂಬಲು ಮತ್ತೆ ಮುಕ್ಕಾಲು ಗಂಟೆ. ನಾನು ಬೂರುಗದ ಹತ್ತಿಯನ್ನು ಬಳಸುತ್ತೇನೆ. ಚಿಮುಟದ ತುದಿಯಲ್ಲಿ ಕಡಲೆಕಾಳಿನಷ್ಟು ಹಿಡಿದು ಮೊದಲು ತಲೆಗೆ, ಆಮೇಲೆ ಎದೆಗೆ ತುಂಬಬೇಕು. ಅವಸರದಲ್ಲಿ ಒಮ್ಮೆಲೇ ತುರುಕಿದರೆ ಕುತ್ತಿಗೆಯಲ್ಲಿ ಗಂಟಾಗಿ, ನೀಲಕಂಠಕ್ಕೆ ಗಳಗಂಡ ಬಂದಂತೆ ಕಾಣುತ್ತದೆ. ರೆಕ್ಕೆ ಮತ್ತು ಬಾಲದ ಗರಿಗಳನ್ನು ಒಂದೇ ಎಳೆ ನೂಲಿನಲ್ಲಿ ಕಸೂತಿ ಮಾಡಲು ಒಂದೂವರೆ ಗಂಟೆ. ಕೊಕ್ಕು, ತಾಮ್ರದ ತಂತಿಗೆ ನೂಲು ಸುತ್ತಿದ ಕಾಲುಗಳು, ಕಣ್ಣಿನ ಮಣಿ, ಇವಕ್ಕೆ ಇನ್ನೊಂದು ಗಂಟೆ. ಒಟ್ಟು ಆರು ಗಂಟೆ.

ಇದನ್ನು ನಾನು 500 ರೂಪಾಯಿಗೆ ಮಾರುತ್ತೇನೆ. ಸಾಮಗ್ರಿ ಮತ್ತು ಡಬ್ಬಿಯ ಖರ್ಚು 70 ರೂಪಾಯಿ ಕಳೆದರೆ ಗಂಟೆಗೆ 72 ರೂಪಾಯಿಯೂ ಪೂರ್ತಿ ಗಿಟ್ಟುವುದಿಲ್ಲ. ಮಳಿಗೆಯ ಬಾಡಿಗೆ, ಕೊರಿಯರ್ ವೆಚ್ಚ, ಕೆಟ್ಟುಹೋದ ಹಕ್ಕಿಗಳ ನಷ್ಟ ಇದರಲ್ಲಿ ಸೇರಿಲ್ಲ.

ವಿಚಿತ್ರವೆಂದರೆ, ಗೇಣುದ್ದದ ಹಕ್ಕಿಯೊಂದನ್ನು ನಾನು ಮೂರೇ ಗಂಟೆಯಲ್ಲಿ ಮುಗಿಸಬಲ್ಲೆ. ಅದರ ಬಹುಪಾಲು ಹೊಲಿಗೆ ಯಂತ್ರದಲ್ಲಿಯೇ ಆಗುತ್ತದೆ. ಪ್ರದರ್ಶನ ಮೇಳಗಳಲ್ಲಿ ಅದಕ್ಕೆ 600 ರೂಪಾಯಿ ಹೇಳಿದರೆ ಜನ ಮರುಮಾತಾಡದೆ ಕೊಳ್ಳುತ್ತಾರೆ. ಪಕ್ಕದಲ್ಲಿರುವ ಎರಡು ಇಂಚಿನದನ್ನು ಎತ್ತಿ ಅಂಗೈ ಮೇಲಿಟ್ಟುಕೊಂಡು, ‘ಇಷ್ಟು ಚಿಕ್ಕದಕ್ಕೆ ಐನೂರಾ?’ ಎನ್ನುತ್ತಾರೆ. ತೂಕಕ್ಕೆ ಕೊಳ್ಳುವ ತರಕಾರಿಗೆ ಈ ನ್ಯಾಯ ಸರಿ. ಆದರೆ ಅಕ್ಕಸಾಲಿಗರ ಅಂಗಡಿಯಲ್ಲಿ ಕೂತು ‘ಮೂಗುಬೊಟ್ಟು ಚಿಕ್ಕದು, ಕೂಲಿ ಕಡಿಮೆ ಮಾಡಿ’ ಎಂದು ಕೇಳಲು ಇದೇ ಗ್ರಾಹಕರಿಗೆ ಬಾಯಿ ಬರುವುದಿಲ್ಲ. ಎಲೆಗಳನ್ನು ಹೊಲಿದು ಗೂಡು ಕಟ್ಟುವ ಸಿಂಪಿಗ ಹಕ್ಕಿಯ ಬಗ್ಗೆ ನನಗೆ ಸ್ವಲ್ಪ ಹೊಟ್ಟೆಕಿಚ್ಚೇ ಇದೆ. ಅದಕ್ಕೆ ಯಾರೂ ದರ ಕೇಳುವುದಿಲ್ಲ.

ಇನ್ನು ಕೇಕಿನ ಗೊಂಬೆಗಳ ವಿಚಾರ. ನಿಮ್ಮ ಬರಹಗಾರರು ಇದನ್ನು ‘ನಮ್ಮದಲ್ಲದ ಹೊಸ ಖಯಾಲಿ’ ಎಂದು ಒಂದು ಮಾತಿನಲ್ಲಿ ತಳ್ಳಿಹಾಕಿದ್ದಾರೆ. ಕೇಕಿನ ಮೇಲೆ ವಧೂವರರನ್ನು ನಿಲ್ಲಿಸುವ ರೂಢಿ ಪಶ್ಚಿಮದ ದೇಶಗಳಿಂದ ಬಂದದ್ದು ನಿಜ. ಆದರೆ ಮಂಗಳೂರಿನ ಕ್ರೈಸ್ತ ಕುಟುಂಬಗಳ ಮದುವೆಯಲ್ಲಿ ಕೇಕು ನಿನ್ನೆ ಮೊನ್ನೆಯದಲ್ಲ. ಮೈಸೂರಿನಲ್ಲಿ ಹುಟ್ಟಿದ ನನಗಂತೂ ಜೋಡಿಗೊಂಬೆ ಹೊಸದೇ ಅಲ್ಲ: ನಮ್ಮ ಕಡೆ ಮದುವೆಯಲ್ಲಿ ಮಗಳಿಗೆ ರಾಜ ರಾಣಿಯರ ಪಟ್ಟದ ಗೊಂಬೆಗಳನ್ನು ಕೊಡುವ ವಾಡಿಕೆಯಿದೆ, ನವರಾತ್ರಿಯಲ್ಲಿ ಅವನ್ನೇ ಸಿಂಗರಿಸಿ ಮೇಲಿನ ಮೆಟ್ಟಿಲಲ್ಲಿ ಕೂರಿಸುತ್ತಾರೆ. ಪ್ರತಿ ವರ್ಷ ಮಹಾಲಯ ಅಮಾವಾಸ್ಯೆಗೆ ಮುಂಚೆ ನಮ್ಮಮ್ಮ ರವಿಕೆ ಕಣಗಳ ಚೂರುಗಳಿಂದ ರಾಣಿಗೆ ಸೀರೆಯನ್ನೂ ರಾಜನಿಗೆ ಪೇಟವನ್ನೂ ಹೊಸದಾಗಿ ಹೊಲಿಯುತ್ತಿದ್ದರು. ಬೆರಳಿನಷ್ಟು ಅಗಲದ ಸೀರೆಗೆ ನೆರಿಗೆ ಹಿಡಿಯುವುದು ಎಷ್ಟು ಕಷ್ಟವೆಂದು ನಾನು ಕಲಿತದ್ದು ಅಲ್ಲಿ. ಇವತ್ತು ಕೇಕಿನ ಮೇಲಿನ ಮದುಮಗಳಿಗೆ ನೆರಿಗೆ ಹಿಡಿಯುವುದೂ ಅದೇ ಬೆರಳುಗಳಿಂದಲೇ.

ಕೇಕಿಗಾಗಿ ಮಾಡುವಾಗ ಬಟ್ಟೆಗೆ ಇನ್ನೊಂದು ಶತ್ರುವಿದೆ, ಅದು ಕೆನೆ. ಬೆಣ್ಣೆಯ ಐಸಿಂಗ್ ಮೇಲೆ ಬಟ್ಟೆಯ ಗೊಂಬೆಯನ್ನು ನೇರವಾಗಿ ಇಟ್ಟರೆ, ದೀಪದ ಬತ್ತಿ ಎಣ್ಣೆ ಹೀರುವಂತೆ ಅದು ಜಿಡ್ಡನ್ನು ಹೀರಿಕೊಳ್ಳುತ್ತದೆ. ಕರಾವಳಿಯ ಸೆಕೆಯಲ್ಲಿ ಕೇಕು ಕತ್ತರಿಸುವ ಹೊತ್ತಿಗೆ ಮದುಮಗಳ ಸೀರೆಯ ಅಂಚು ಮೊಣಕಾಲಿನವರೆಗೂ ಕಲೆಯಾಗಿರುತ್ತದೆ. ನನ್ನ ಎರಡನೆಯ ವರ್ಷದಲ್ಲಿ ಹೀಗೆಯೇ ಆಗಿ ನಾನು ಪೂರ್ತಿ ಹಣ ಮರಳಿಸಬೇಕಾಯಿತು. ಅಂದಿನಿಂದ ಗೊಂಬೆಯನ್ನು ಮರದ ಬಿಲ್ಲೆಯ ಮೇಲೆ ಕೂರಿಸಿ, ಬಿಲ್ಲೆಯಡಿಗೆ ಬಟರ್ ಪೇಪರ್ ಹಾಕಿ, ಕೇಕಿಗೆ ಚುಚ್ಚುವ ಭಾಗಕ್ಕೆ ತೊಳೆದ ಬಿದಿರ ಕಡ್ಡಿಯನ್ನಷ್ಟೇ ಬಳಸುತ್ತೇನೆ. ತಂತಿಯನ್ನಾಗಲಿ ಅಂಟನ್ನಾಗಲಿ ತಿನ್ನುವ ಪದಾರ್ಥಕ್ಕೆ ತಾಗಿಸಬಾರದು. ಇಂಥದ್ದನ್ನು ಯಾವ ‘ಹತ್ತು ನಿಮಿಷದಲ್ಲಿ ಕಲಿಯಿರಿ’ ವಿಡಿಯೊದಲ್ಲಿಯೂ ನಾನು ಕಂಡಿಲ್ಲ.

ಕಳೆದ ಡಿಸೆಂಬರಿನಲ್ಲಿ ಕಾಡು ಸುತ್ತುವ ಹವ್ಯಾಸದ ಜೋಡಿಯೊಂದು ತಮ್ಮ ಕೇಕಿಗೆ ಗಂಡು ಹೆಣ್ಣು ಗೊಂಬೆ ಬೇಡ, ದೊಡ್ಡ ಮಂಗಟ್ಟೆ ಹಕ್ಕಿಗಳ ಜೋಡಿ ಬೇಕು ಎಂದಿತು. ಅವರಿಬ್ಬರ ಪರಿಚಯವಾದದ್ದು ದಾಂಡೇಲಿಯ ಕಾಡಿನಲ್ಲಂತೆ. ಮರದ ಪೊಟರೆಯೊಳಗೆ ತನ್ನನ್ನು ತಾನೇ ಮುಚ್ಚಿಕೊಂಡು ಕಾವು ಕೂರುವ ಹೆಣ್ಣಿಗೆ ಗಂಡು ಸಣ್ಣ ಸೀಳಿನಿಂದ ಹಣ್ಣು ತಂದು ಉಣಿಸುವ ಸಂಸಾರ ಅದು; ಮದುವೆಗೆ ಒಪ್ಪುವ ಹಕ್ಕಿಯೇ ಸರಿ ಎಂದುಕೊಂಡೆ. ಎರಡೂ ಹಕ್ಕಿಗಳನ್ನು ಮುಗಿಸಿ ಫೋಟೊ ಕಳಿಸಿದಾಗ ಮದುಮಗ ಬಹಳ ಸಂಕೋಚದಿಂದ ಫೋನ್ ಮಾಡಿ, ‘ಮೇಡಂ, ಎರಡಕ್ಕೂ ಕೆಂಪು ಕಣ್ಣು ಇಟ್ಟಿದ್ದೀರಿ. ಗಂಡಿನದು ಕೆಂಪು, ಹೆಣ್ಣಿನದು ಬಿಳಿ’ ಎಂದರು. ಅವರು ಹೇಳಿದ್ದು ಸರಿಯಿತ್ತು. ಕಣ್ಣಿನ ಮಣಿಯ ಗಂಟು ತಲೆಯೊಳಗಿನ ಹತ್ತಿಯಲ್ಲಿ ಹುದುಗಿರುತ್ತದೆ; ಅದನ್ನು ಬಿಚ್ಚಿ, ಬಿಳಿ ಮಣಿ ಹಾಕಿ, ಕುಸಿದ ಕೆನ್ನೆಗೆ ಮತ್ತೆ ಹತ್ತಿ ತುಂಬಿ, ಹೊಲಿಗೆ ಮುಚ್ಚುವಷ್ಟರಲ್ಲಿ ಒಂದೂವರೆ ಗಂಟೆ ಕಳೆಯಿತು. ಆ ಜೋಡಿಗೆ ಒಟ್ಟು ಹಿಡಿದದ್ದು 21 ಗಂಟೆ. ಕೊಂಡವರು ಒಂದು ರೂಪಾಯಿ ಚೌಕಾಸಿ ಮಾಡಲಿಲ್ಲ, ಏಕೆಂದರೆ ಹಕ್ಕಿಯನ್ನು ಅವರು ನನಗಿಂತ ಚೆನ್ನಾಗಿ ನೋಡಿದ್ದರು.

ಬೇಡಿಕೆ ವರ್ಷವಿಡೀ ಒಂದೇ ಸಮನೆ ಇರುವುದೂ ಇಲ್ಲ. ಈಸ್ಟರ್‌ಗೆ ಮುಂಚಿನ ತಪಸ್ಸಿನ ಕಾಲದಲ್ಲಿ ಕ್ಯಾಥೊಲಿಕರ ಮನೆಗಳಲ್ಲಿ ಸಾಮಾನ್ಯವಾಗಿ ಮದುವೆ ನಡೆಯುವುದಿಲ್ಲ. ಅದು ಮುಗಿದೊಡನೆ ಏಪ್ರಿಲ್, ಮೇ ತಿಂಗಳಲ್ಲಿ ಎಲ್ಲರೂ ಒಟ್ಟಿಗೇ ಬರುತ್ತಾರೆ, ಮತ್ತೆ ಕ್ರಿಸ್‌ಮಸ್ ನಂತರ ಇನ್ನೊಂದು ನೂಕುನುಗ್ಗಲು. ‘ಬಿಡುವಿನ ವೇಳೆ’ ಎನ್ನುವುದು ಆ ದಿನಗಳಲ್ಲಿ ರಾತ್ರಿ ಹನ್ನೊಂದರ ನಂತರದ ವೇಳೆ.

ಬರಹದಲ್ಲಿರುವ ಒಂದು ಸಲಹೆಯನ್ನಂತೂ ತಾವು ತಿದ್ದಲೇಬೇಕು. ಮಾರಾಟವಾಗದ ಹಕ್ಕಿಗಳನ್ನು ‘ಮಕ್ಕಳ ಆಟಿಕೆಯೆಂದು’ ಮಾರಬಹುದು ಎಂದು ಅಲ್ಲಿ ಬರೆಯಲಾಗಿದೆ. 14 ವರ್ಷದೊಳಗಿನ ಮಕ್ಕಳ ಆಟಕ್ಕೆಂದು ಮಾಡಿದ ವಸ್ತುಗಳಿಗೆ ಐಎಸ್‌ಐ ಗುರುತು ಕಡ್ಡಾಯವೆಂದು ಕೇಂದ್ರ ಸರ್ಕಾರದ 2020ರ ಆಟಿಕೆ ಗುಣಮಟ್ಟ ನಿಯಂತ್ರಣ ಆದೇಶ ಹೇಳುತ್ತದೆ. ಅದು 2021ರ ಜನವರಿ 1ರಿಂದ ಜಾರಿಯಲ್ಲಿದೆ. ಜವಳಿ ಸಚಿವಾಲಯದ ಅಡಿ ಬರುವ ಕರಕುಶಲ ಅಭಿವೃದ್ಧಿ ಆಯುಕ್ತರಲ್ಲಿ ನೋಂದಾಯಿಸಿಕೊಂಡ ಕುಶಲಕರ್ಮಿಗಳು ತಾವೇ ತಯಾರಿಸಿ ಮಾರುವ ಆಟಿಕೆಗಳಿಗೆ ವಿನಾಯಿತಿಯಿದೆ. ನೋಂದಣಿಯಿಲ್ಲದೆ ಮನೆಯಲ್ಲಿ ಹೊಲಿದು ‘ಆಟಿಕೆ’ ಎಂದು ಚೀಟಿ ಅಂಟಿಸುವ ಗೃಹಿಣಿಗೆ ಆ ರಕ್ಷಣೆ ಇರುವುದಿಲ್ಲ. ಕಾನೂನು ಹಾಗಿರಲಿ, ಮಣಿಯ ಕಣ್ಣೂ ತಂತಿಯ ಕಾಲೂ ಇರುವ ವಸ್ತುವನ್ನು ಬಾಯಿಗೆ ಹಾಕಿಕೊಳ್ಳುವ ವಯಸ್ಸಿನ ಮಗುವಿನ ಕೈಗೆ ಯಾರೂ ಕೊಡಬಾರದು. ನನ್ನ ಪ್ರತಿಯೊಂದು ಡಬ್ಬಿಯ ಮೇಲೂ ‘ಅಲಂಕಾರಕ್ಕೆ ಮಾತ್ರ, ಮಕ್ಕಳ ಆಟಕ್ಕಲ್ಲ’ ಎಂದು ಬರೆದಿರುತ್ತದೆ. ‘ಆನ್‌ಲೈನಿನಲ್ಲಿ ದೇಶದ ಮೂಲೆಮೂಲೆಗೂ ಕಳಿಸಿ’ ಎಂಬ ಮಾತೂ ಅರ್ಧ ಸತ್ಯ: ಜಿಎಸ್‌ಟಿ ನೋಂದಣಿ ಇಲ್ಲದ ಸಣ್ಣ ಮಾರಾಟಗಾರರಿಗೆ ಆನ್‌ಲೈನ್ ಮಾರುಕಟ್ಟೆಗಳ ಮೂಲಕ ಮಾರಲು 2023ರ ಅಕ್ಟೋಬರ್ 1ರಿಂದ ಅವಕಾಶ ಸಿಕ್ಕಿದೆ, ಆದರೆ ಅದು ತಮ್ಮ ರಾಜ್ಯದೊಳಗಿನ ಮಾರಾಟಕ್ಕೆ.

ಈ ಕೆಲಸಕ್ಕೆ ಯಾರೂ ಬರಬೇಡಿ ಎಂದು ನಾನು ಹೇಳುತ್ತಿಲ್ಲ. ಶನಿವಾರದ ಮಧ್ಯಾಹ್ನಗಳಲ್ಲಿ ನಾಲ್ಕೈದು ಜನ ನನ್ನ ಮನೆಗೆ ಕಲಿಯಲು ಬರುತ್ತಾರೆ. ಮೊದಲ ದಿನ ಸೂಜಿಯ ಜೊತೆಗೆ ಅವರಿಗೆ ಒಂದು ಪುಟ್ಟ ನೋಟ್‌ಬುಕ್ ಕೊಡುತ್ತೇನೆ. ಕೂತ ಹೊತ್ತು, ಎದ್ದ ಹೊತ್ತು ಎರಡನ್ನೂ ಅದರಲ್ಲಿ ಬರೆಯಬೇಕು. ಕಳೆದ ತಿಂಗಳು ಅವರಲ್ಲೊಬ್ಬರು ತಮ್ಮ ಮೊದಲ ಪಿಕಳಾರ ಹಕ್ಕಿಯನ್ನು ಮುಗಿಸಿ, ನೋಟ್‌ಬುಕ್ಕನ್ನು ಕೂಡಿ ನೋಡಿ, 150 ರೂಪಾಯಿ ಎಂದು ಬರೆದಿದ್ದ ಚೀಟಿಯನ್ನು ತಾವೇ ಹರಿದುಹಾಕಿದರು. ಮುಂದಿನ ಬಾರಿ ಇಂಥ ಬರಹ ಪ್ರಕಟಿಸುವಾಗ ಬಟ್ಟೆ, ದಾರ, ಮಣಿಗಳ ಬೆಲೆಪಟ್ಟಿಯಲ್ಲಿ ಗಂಟೆಗಳಿಗೂ ಒಂದು ಸಾಲು ಇರಲಿ ಎಂಬುದಷ್ಟೇ ತಮ್ಮಲ್ಲಿ ನನ್ನ ವಿನಂತಿ.

ಇತಿ,
ಒಬ್ಬ ಓದುಗಾರ್ತಿ
ಮಂಗಳೂರು